ಹಿತಚಿಂತಕ ಮುದ್ರಣಾಲಯವೂ ಹಳಕಟ್ಟಿಯವರೂ

ಕನ್ನಡದ ಮೊದಲ ವೃತ್ತಪತ್ರಿಕೆಯು ಹುಟ್ಟಿದ್ದು ತುಳುನಾಡಿನಲ್ಲಿ. 1843ನೆಯ ಇಸವಿಯಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗನು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನು. ಮುಂದೆ ಆ ಮಿಶನ್ನಿನ ಮುದ್ರಣಾಲಯವು ಅಚ್ಚಿನ ಅಂದಕ್ಕೂ ಶುದ್ಧಿಗೂ ಹೆಸರಾಯಿತು. ಆದುದರಿಂದ ವಿಜಾಪುರದ ವಕೀಲರಾದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ತಾವು ಕೂಡಿಹಾಕಿದ ಶರಣರ ವಚನಗಳ ಹಸ್ತಪ್ರತಿಯನ್ನು ಅಚ್ಚಿಗಾಗಿ ಅಷ್ಟು ದೂರದ ಮಂಗಳೂರಿಗೇ ಕಳುಹಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಪ್ರತಿಯು ಅಚ್ಚಾಗದೆ ಹಿಂದಿರುಗಿತು. ಕ್ರಿಸ್ತಮತದ ಬೋಧೆಗೆ ಸರಿಗಟ್ಟುವ ಬೋಧೆಯು ಈ ನಾಡಿನಲ್ಲಿಯೇ ಉಂಟೆಂದು ಜನರು ತಿಳಿದರೆ ತಮ್ಮ ಕಾರ್ಯಕ್ಕೆ ಕುಂದಾದೀತೆಂಬ ಅಳುಕೇ ಇದಕ್ಕೆ ಕಾರಣವೆಂದು ನಮ್ಮವರು ಹೇಳುತ್ತ ಬಂದಿರುವರು. ಆದರೆ ಅದೇ ಮೋಗ್ಲಿಂಗನು 1850ರ ಸುಮಾರಿಗೆ ತನ್ನ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣವನ್ನೇ ಅಚ್ಚು ಹಾಕಿಸಿದ್ದನೆಂಬುದನ್ನೂ ವಾಚಕರು ಮರೆಯಲಾಗದು. ಪುರಾಣಕ್ಕೆ ದೊರೆತ ಎಡೆಯು ವಚನಕ್ಕೆ ದೊರೆಯಲಿಲ್ಲವೆಂದಷ್ಟೇ ಇಲ್ಲಿ ನುಡಿಯುವದು ನ್ಯಾಯ.

ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರು. ಅದೇ ತಿಂಗಳ 12ರಂದು ವಿಜಾಪುರದಲ್ಲಿ ಆಲೂರ ವೆಂಕಟರಾಯರು ಹುಟ್ಟಿದರು. ವಿಜಾಪುರದ ಆಲೂರರು ಧಾರವಾಡಕ್ಕೆ ಬಂದು 'ಜಯಕರ್ನಾಟಕ' ಪತ್ರಿಕೆಯನ್ನು ನಡೆಯಿಸಿದರು; ಧಾರವಾಡದ ಹಳಕಟ್ಟಿಯವರು ವಿಜಾಪುರಕ್ಕೆ ಹೋಗಿ ಮುದ್ರಣಾಲಯವನ್ನು ಕಟ್ಟಿದರು. ದೈವವು ಈ ಎರಡು ಊರುಗಳಿಗೂ ಒಬ್ಬೊಬ್ಬರನ್ನು ಅದಲುಬದಲು ಮಾಡಿಕೊಟ್ಟಂತೆ ತೋರುವದು.

ಮುಂಬಯಿಯಲ್ಲಿ ಬಿ.ಎ. ಪದವಿಯನ್ನೂ 1904ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದು, ಬೆಳಗಾವಿಯಲ್ಲಿ ಕೆಲವು ಕಾಲ ವಕೀಲಿ ನಡೆಯಿಸಿ, ಅವರು ವಿಜಾಪುರದಲ್ಲಿ ನೆಲೆಸಿದರು. 1910ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಯತ್ನದಿಂದ ನಿಂತವು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವವೂ ಬಂದಿತು. ಇಷ್ಟು ಸಾಲದೆಂಬಂತೆ ಬಿಡುವಾದಾಗಲೆಲ್ಲ ಓಲೆಗರಿಗಳನ್ನು ಹುಡುಕಿಕೊಂಡು ಹಳ್ಳಿಗಳನ್ನು ತಿರುಗುತ್ತಿದ್ದರು.

ಈ ತಿರುಗಾಟದ ವಿಷಯದಲ್ಲಿ ಮಠಗಳವರು ತುಸು ತಲೆತಗ್ಗಿಸಬೇಕಾದುದುಂಟು. ಶರಣರ ವಚನದ ಕಟ್ಟುಗಳು ಜಗುಲಿಯ ಮೇಲೆ ವಿಭೂತಿ ಪತ್ರಿಗಳೊಡನೆ ಪೂಜೆಗೊಳ್ಳುತ್ತಿದ್ದುವೇ ಹೊರತು ಬಿಚ್ಚಿ ಓದುವವರಿರಲಿಲ್ಲ. ಬೇಡಿದವರಿಗೆ ಕೊಡುವ ಮನಸ್ಸೂ ಹಲವರಿಗೆ ಇರಲಿಲ್ಲ. ಇದು ನಮ್ಮೊಬ್ಬರ ದೋಷವಲ್ಲ. ಬೆಳುವಾಯಿಯ ನೆರೆಯ ಮೂಡುಬಿದಿರೆಯ ಬಸದಿಯಲ್ಲಿ ಜೈನರ ಧವಳ ಗ್ರಂಥದ ಓಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಒದಗಿ, 1939ರಲ್ಲಿ ಅದರ ಮೊದಲ ಸಂಪುಟವು ಅಚ್ಚಿನ ಬೆಳಕನ್ನು ಕಂಡಿತು. ಭಕ್ತಿಯಿಂದ ಉಳಿದದ್ದು ಭಕ್ತಿಯಿಂದಲೇ ಮುಚ್ಚಿಹೋಗುವದೂ ಉಂಟು.

ಮಂಗಳೂರಿನಿಂದ ಹಿಂದಿರುಗಿದ ಪ್ರತಿಯು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ, 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವಾಗಿ ಹೊರಬಂದಿತು. ಮಿಶನ್ನಿನ ಅಚ್ಚುಕೂಟದಲ್ಲಿ ಎಡೆ ಕಾಣದ ಶಿವಶರಣರ ನುಡಿಗೆ ಜಿನನ ಹೆಸರಿನ ಅಚ್ಚುಕೂಟವು ಬಾಗಿಲು ತೆರೆಯಿತು. ಅದಕ್ಕೆ ಮುಂಚೆ, 1922ರಲ್ಲಿ, ವಚನಗಳ ಆಂಗ್ಲಾನುವಾದವನ್ನು ಅವರು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ್ದರು.

ಪರರ ಮುದ್ರಣಾಲಯವನ್ನು ನಂಬಿ ಶರಣರ ಸಾಹಿತ್ಯವೆಲ್ಲ ಹೊರಬರಲಾರದೆಂಬುದು ಈ ಅನುಭವದಿಂದ ಅವರಿಗೆ ಮನವರಿಕೆಯಾಯಿತು. 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವು ಸ್ಥಾಪಿತವಾಯಿತು. ಇದಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದರು. ಮುಂದಿನ ಬಾಳೆಲ್ಲ ಬಾಡಿಗೆಯ ಮನೆಯಲ್ಲಿ ಕಳೆಯಿತು. ಮುದ್ರಣಾಲಯವೆಂದರೆ ಒಮ್ಮೆ ಹಣ ತೊಡಗಿಸಿ ಕೈತೊಳೆದುಕೊಳ್ಳುವ ವ್ಯವಹಾರವಲ್ಲ. ಸವೆದ ಮೊಳೆಗಳನ್ನು ಬದಲಿಸಬೇಕು. ಮೊಳೆ ಜೋಡಿಸುವವನಿಗೆ ವಾರದ ಕೂಲಿ, ಕಾಗದದವನಿಗೆ ನಗದು ಸಲ್ಲಬೇಕು. ಕರಡುಗಳನ್ನು ಮತ್ತೆ ಮತ್ತೆ ತಿದ್ದಬೇಕು. ಚಂದಾದಾರನು ಮಾತ್ರ ತನಗೆ ನೆನಪಾದಾಗ ಹಣ ಕಳುಹುವನು. ವಕೀಲಿಯಲ್ಲಿ ಬೆಳೆಯಬಹುದಾಗಿದ್ದ ಸಂಪತ್ತು ಈ ಯಂತ್ರದ ಬಾಯಿಗೆ ಹೋಯಿತು. ಲೌಕಿಕರು ಇದನ್ನು ಅವಿವೇಕವೆಂದಾರು. ಲಾಭದ ಲೆಕ್ಕದಲ್ಲಿ ಅದು ಅವಿವೇಕವೇ ಸರಿ; ದಾಸೋಹದ ಲೆಕ್ಕವು ಬೇರೆ.

1926ರಲ್ಲಿ 'ಶಿವಾನುಭವ' ಪತ್ರಿಕೆಯು ಮೊದಲಾಯಿತು. ತ್ರೈಮಾಸಿಕವಾಗಿ ಹುಟ್ಟಿ ಮುಂದೆ ಮಾಸಿಕವಾದ ಇದು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಹರಿಹರನ ರಗಳೆಗಳು ಬೆಳಕಿಗೆ ಬರುವಲ್ಲಿಯೂ ಈ ಮುದ್ರಣಾಲಯದ ಪಾಲು ದೊಡ್ಡದು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯು ಹೊರಟಿತು. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಮುಂತಾಗಿ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ದಿನಗಳಲ್ಲಿ ಪತ್ರಿಕೆಗೆ ಇಂಥ ಹೆಸರಿಡುವದೇ ಒಂದು ರಾಜಕೀಯ ಕಾರ್ಯವಾಗಿತ್ತು. ವಚನವು ಒಂದು ಪತ್ರಿಕೆಯಲ್ಲಿ, ಲೋಕವ್ಯವಹಾರವು ಇನ್ನೊಂದರಲ್ಲಿ. ಎರಡಕ್ಕೂ ಯಂತ್ರವೊಂದೇ, ಕೈಯೂ ಒಂದೇ. ವಾರಪತ್ರಿಕೆಗಿಂತ 'ಶಿವಾನುಭವ'ವೇ ಅವರ ಹೆಸರನ್ನು ಉಳಿಸಿತೆಂಬುದೇನೋ ನಿಜ. ಆದರೆ ವಾರಪತ್ರಿಕೆಯನ್ನು ಬಿಟ್ಟು ಅವರನ್ನು ಬರಿಯ ಗ್ರಂಥಸಂಪಾದಕರೆಂದು ಸ್ತುತಿಸುವವರು ಅವರನ್ನು ಅರ್ಧವಷ್ಟೇ ಬಲ್ಲವರು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಆ ನವೆಂಬರ್ 1ರಂದೇ ಕನ್ನಡ ಪ್ರಾಂತಗಳು ಒಂದು ರಾಜ್ಯವಾದುವು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಇತ್ತು. 1964ನೆಯ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು.