ಕುಕಿ ದೋಷಗಳು: ಜಾಲತಾಣದ ಆಯ್ಕೆಗಳು ಉಳಿಯದಿರುವುದು

ಕುಕಿ ಎಂಬುದು ಜಾಲತಾಣವೊಂದು ಬಳಕೆದಾರರ ಬ್ರೌಸರಿನಲ್ಲಿ ಇರಿಸಿ, ಮುಂದಿನ ಭೇಟಿಗಳಲ್ಲಿ ಮರಳಿ ಪಡೆಯುವ ಪುಟ್ಟ ಪಠ್ಯತುಣುಕು. ಜಾಲಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ಎಂಬ ಸಂವಹನ ನಿಯಮಾವಳಿಗೆ ಸ್ವಂತ ನೆನಪಿಲ್ಲ. ಈಗಷ್ಟೇ ಒಂದು ಪುಟ ಪಡೆದವರು ಮರುಕ್ಷಣ ಇನ್ನೊಂದನ್ನು ಕೇಳಿದರೂ ಸರ್ವರಿಗೆ, ಅಂದರೆ ಪುಟ ಒದಗಿಸುವ ಗಣಕಕ್ಕೆ, ಅವರು ಹೊಸಬರೇ. ಈ ಕೊರತೆ ನೀಗಲೆಂದು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ 1994ರಲ್ಲಿ ಕುಕಿಯನ್ನು ರೂಪಿಸಿದರು. ಯುನಿಕ್ಸ್ ತಜ್ಞರಲ್ಲಿ ಮೊದಲೇ ರೂಢಿಯಲ್ಲಿದ್ದ ‘ಮ್ಯಾಜಿಕ್ ಕುಕಿ’ ಎಂಬ ಮಾತಿನಿಂದ ಹೆಸರು ಬಂದಿತು. ಭಾಷೆ, ಅಕ್ಷರದ ಗಾತ್ರ, ಹಿನ್ನೆಲೆಯ ಬಣ್ಣ ಮೊದಲಾದ ಆಯ್ಕೆಗಳು ಭೇಟಿಯಿಂದ ಭೇಟಿಗೆ ಉಳಿಯುವುದು ಬಹುಪಾಲು ಈ ತುಣುಕಿನ ಬಲದಿಂದಲೇ.

ಓದುಗರೊಬ್ಬರು ದ್ವಿಭಾಷಾ ತಾಣದಲ್ಲಿ ‘ಕನ್ನಡ’ ಎಂಬುದನ್ನು ಒತ್ತಿದಾಗ ಸರ್ವರು ಭಾಷೆಯ ಹೆಸರು, ಕನ್ನಡದ ಸಂಕೇತವಾದ ‘ಕೆಎನ್’ ಹಾಗೂ 31536000 ಎಂಬ ಸಂಖ್ಯೆಯುಳ್ಳ ಒಂದೇ ಸಾಲನ್ನು ಕಳುಹಿಸಬಹುದು. ಆ ಸಂಖ್ಯೆಯೇ ಕುಕಿಯ ಆಯುಷ್ಯ. ಸೆಕೆಂಡುಗಳಲ್ಲಿ ಎಣಿಸಿದ 365 ದಿನ. ಸಾಲಿನಲ್ಲಿ ಆಯುಷ್ಯವನ್ನು ನಮೂದಿಸದಿದ್ದರೆ ಅದು ‘ಸೆಷನ್ ಕುಕಿ’ ಎನಿಸಿ, ಸಾಮಾನ್ಯವಾಗಿ ಬ್ರೌಸರು ಮುಚ್ಚಿದೊಡನೆ ಅಳಿದುಹೋಗುತ್ತದೆ. ಆದ್ದರಿಂದ ದೋಷವನ್ನು ಪತ್ತೆಮಾಡಲು ಹೊರಟವರು ಮೊದಲು ಗಮನಿಸಬೇಕಾದುದು ಆಯ್ಕೆ ಯಾವ ಗಳಿಗೆಯಲ್ಲಿ ಮರೆಯಾಗುತ್ತದೆ ಎಂಬುದನ್ನು. ಕಾರಣದ ಸುಳಿವು ಬಹುತೇಕ ಅಲ್ಲಿಯೇ ಇರುತ್ತದೆ.

ಪುಟವನ್ನು ಮತ್ತೆ ತೆರೆದ ಕೂಡಲೇ ಆಯ್ಕೆ ಹೋದರೆ, ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಕುಕಿಗಳನ್ನು ತಡೆದಿರುವ ಅಥವಾ ಜಾಹೀರಾತು ತಡೆಯಲು ಸೇರಿಸಿಕೊಂಡ ಎಕ್ಸ್‌ಟೆನ್ಷನ್ ಅಡ್ಡಬಂದಿರುವ ಸಂಭವ ಹೆಚ್ಚು. ಬ್ರೌಸರು ಮುಚ್ಚಿ ತೆರೆದಾಗ ಹೋದರೆ, ‘ಮುಚ್ಚುವಾಗ ಕುಕಿಗಳನ್ನು ಅಳಿಸು’ ಎಂಬ ಸೆಟ್ಟಿಂಗನ್ನೋ ಇನ್‌ಕಾಗ್ನಿಟೊ ಕಿಟಕಿಯನ್ನೋ ಸಂದೇಹಿಸಬೇಕು. ಹಲವರು ಬಳಸುವ ಗಣಕದಲ್ಲಾದರೆ ಈ ಅಳಿಸುವಿಕೆ ದೋಷವಲ್ಲ, ಇರಲೇಬೇಕಾದ ರಕ್ಷಣೆ. ವಾರದ ನಂತರ ಹೋಗುವುದು ಸಫಾರಿಯಲ್ಲಿ ಕಂಡುಬರುತ್ತದೆ. ಪುಟದೊಳಗಿನ ಸ್ಕ್ರಿಪ್ಟ್ ಬರೆದ ಕುಕಿಗಳ ಆಯುಷ್ಯವನ್ನು ಅದು 2019ರಿಂದ 7 ದಿನಕ್ಕೆ ಮಿತಗೊಳಿಸಿದೆ. ಕ್ರೋಮ್ 2022ರಲ್ಲಿ ಎಲ್ಲ ಕುಕಿಗಳಿಗೂ 400 ದಿನಗಳ ಗರಿಷ್ಠ ಮಿತಿ ಹಾಕಿತು.

ಗಣಕದ ಗಡಿಯಾರವೂ ಕಾರಣವಾಗಬಲ್ಲದು, ಆದರೆ ಅತ್ತ ಗಮನ ಹರಿಸುವವರು ವಿರಳ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಗಣಕ ಹತ್ತಾರು ವರ್ಷ ಹಿಂದಿನ ದಿನಾಂಕದೊಂದಿಗೆ ಏಳುತ್ತದೆ. ಆ ಹೊತ್ತಿನಲ್ಲಿ ಬಂದ ಒಂದು ವರ್ಷದ ಕುಕಿಯ ಲೆಕ್ಕ ಆ ಹಳೆಯ ದಿನಾಂಕದಿಂದಲೇ ಶುರುವಾಗಿ, ಅಂತರಜಾಲದ ನೆರವಿನಿಂದ ಗಡಿಯಾರ ಸರಿಹೋದ ಕ್ಷಣವೇ ಅವಧಿ ಮುಗಿದದ್ದಾಗಿಬಿಡುತ್ತದೆ. ಬ್ರೌಸರನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಇದು ಗುಣವಾಗದು, ಬ್ಯಾಟರಿಯನ್ನೇ ಬದಲಿಸಬೇಕು.

ತಾಣವನ್ನು ಕಟ್ಟಿದವರ ತಪ್ಪುಗಳು ಬೇರೆ ಬಗೆಯವು. ಕುಕಿಗೆ ವ್ಯಾಪ್ತಿಯೊಂದಿದ್ದು, ಅದನ್ನು ನಿಗದಿಪಡಿಸದಿದ್ದಲ್ಲಿ ಕುಕಿಯು ತನ್ನನ್ನು ಇರಿಸಿದ ವಿಳಾಸಕ್ಕಷ್ಟೇ ಸೀಮಿತವಾಗುತ್ತದೆ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇಲ್ಲದ ವಿಳಾಸದಲ್ಲಿ ಮಾಡಿದ ಆಯ್ಕೆ ಅದಿರುವ ವಿಳಾಸಕ್ಕೆ ತಿಳಿಯುವುದೇ ಇಲ್ಲ. ಅದೇ ರೀತಿ ಪತ್ರಿಕಾ ತಾಣವೊಂದರ ಸುದ್ದಿ ವಿಭಾಗದೊಳಗೆ ಬರೆದ ಕುಕಿ ಕ್ರೀಡಾ ವಿಭಾಗಕ್ಕೆ ಹೋಗದಿರಬಹುದು. ಒಂದೇ ಹೆಸರಿನ ಎರಡು ಕುಕಿಗಳು ಭಿನ್ನ ವ್ಯಾಪ್ತಿಯಲ್ಲಿ ಉಳಿದರಂತೂ ಗೊಂದಲ ಇಮ್ಮಡಿ: ಓದುಗರು ಕನ್ನಡವನ್ನು ಎಷ್ಟು ಸಲ ಆರಿಸಿದರೂ ಹಳೆಯ ಕುಕಿ ಇಂಗ್ಲಿಷನ್ನೇ ಹೇಳುತ್ತಿರುತ್ತದೆ. ಭಾಷೆಯ ಆಯ್ಕೆ ಅಲಂಕಾರವಲ್ಲ. ಇಂಗ್ಲಿಷ್ ಓದಲಾರದವರಿಗೆ ಅದು ಉಳಿಯದಿದ್ದರೆ ತಾಣವೇ ಮುಚ್ಚಿದಂತೆ. ಇನ್ನು ಬೇರೆ ತಾಣದ ಪುಟದೊಳಗೆ ಅಳವಡಿಸಿದ ಭಾಗಗಳ ಕುಕಿಗಳನ್ನು ‘ಮೂರನೆಯವರ ಕುಕಿ’ ಎನ್ನುತ್ತಾರೆ. ಸಫಾರಿ 2020ರಿಂದ ಇವನ್ನು ಪೂರ್ತಿಯಾಗಿ ತಡೆಯುತ್ತಿರುವುದರಿಂದ ಅಂಥ ಭಾಗದಲ್ಲಿ ಮಾಡಿದ ಆಯ್ಕೆ ಉಳಿಯದಿದ್ದರೆ ಅಚ್ಚರಿಯಿಲ್ಲ.

ಪರಿಹಾರವೆಂದರೆ ಎಲ್ಲ ಕುಕಿಗಳನ್ನೂ ಗುಡಿಸಿಹಾಕುವುದು ಎಂಬ ಸಲಹೆ ಬಹಳ ಪ್ರಚಾರದಲ್ಲಿದೆ. ಅದು ಒಳ್ಳೆಯ ಸಲಹೆಯಲ್ಲ, ಏಕೆಂದರೆ ಕೆಟ್ಟ ಒಂದು ಕುಕಿಗಾಗಿ ಸರಿಯಾಗಿದ್ದ ಎಲ್ಲ ತಾಣಗಳ ಲಾಗಿನ್ ಮತ್ತು ಆಯ್ಕೆಗಳೂ ಅಳಿಯುತ್ತವೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ವಿಳಾಸದ ಎಡಬದಿಯ ಗುರುತನ್ನು ಒತ್ತಿದರೆ ಆ ಒಂದು ತಾಣದ ಕುಕಿಗಳನ್ನಷ್ಟೇ ಅಳಿಸಲು ದಾರಿಯಿದೆ. ಹಾಗೆ ಅಳಿಸಿ, ಎಕ್ಸ್‌ಟೆನ್ಷನ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆಯ್ಕೆಯನ್ನು ಮತ್ತೆ ಮಾಡಿ ನೋಡಬೇಕು. ಬಳಿಕ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಚಾಲೂ ಮಾಡಿದರೆ ಅಡ್ಡಿ ಯಾವುದೆಂದು ತಿಳಿಯುತ್ತದೆ.

ಖಾತೆಯುಳ್ಳವರಿಗೆ ಈ ತೊಂದರೆ ಕಡಿಮೆ. ಕನ್ನಡ ವಿಕಿಪೀಡಿಯದಲ್ಲಿ ಖಾತೆಯ ಮೂಲಕ ಪ್ರವೇಶಿಸಿದವರ ಆಯ್ಕೆಗಳು ಸರ್ವರಿನಲ್ಲೇ ಉಳಿಯುತ್ತವೆ. ಆದರೂ ಪ್ರವೇಶಿಸಿದವರು ಯಾರೆಂಬುದನ್ನು ಪುಟದಿಂದ ಪುಟಕ್ಕೆ ತಿಳಿಸುವುದು ಅಲ್ಲಿಯೂ ಕುಕಿಯೇ.