ಹಳೆಯ ಡ್ರಮ್ ಸೆಟ್ಟಿನ ಗುರುತು ಮತ್ತು ಬೆಲೆ

ಶ್ರೀ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕದಲ್ಲಿ ನಾಡಿನ ಹಳೆಯ ವಾದ್ಯಗಳು ಜೋಪಾನವಾಗಿವೆ. ಕನಕಪುರ, ಮಾಗಡಿ ಸೀಮೆಯ ರಸಮಂಜರಿಗಳಲ್ಲಿ ಮೊಳಗಿ ಮೂಲೆ ಸೇರಿದ ಡ್ರಮ್ ಸೆಟ್ಟುಗಳಿಗಾದರೋ ಆ ಭಾಗ್ಯವಿಲ್ಲ. ಗುರುತಿಸುವವರಿಲ್ಲದೆ ಗುಜರಿಗೆ ಹೋಗುವುದುಂಟು.

ಹಿಂದೆ ಪಾಶ್ಚಾತ್ಯ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮಿಗೊಬ್ಬನೂ ಸಣ್ಣದಕ್ಕೊಬ್ಬನೂ ಇರುತ್ತಿದ್ದರು. 1909ರಲ್ಲಿ ಷಿಕಾಗೋದ ಲಡ್ವಿಗ್ ಸೋದರರು ಕಾಲಿನಿಂದೊತ್ತುವ ಸುಧಾರಿತ ಪೆಡಲನ್ನು ತಂದ ಮೇಲೆ ಒಬ್ಬನೇ ಕುಳಿತು ಎರಡನ್ನೂ ಬಾರಿಸುವುದು ಸುಲಭವಾಯಿತು.

ಡ್ರಮ್ಮಿನ ಕಾಲನಿರ್ಣಯಕ್ಕೆ ಅದರ ಮುಖದ ಹೊದಿಕೆಯನ್ನು ನಂಬಲಾಗದು. 1957ರ ಸುಮಾರಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಳಕೆಗೆ ಬಂದಿತು. ಹಳೆಯವಕ್ಕೂ ಅದನ್ನೇ ಬಿಗಿದರು. ಆದುದರಿಂದ ಒಡಲಿಗೆ ಬಡಿದ ಲೋಹದ ಬಿಲ್ಲೆಯನ್ನು ನೋಡಬೇಕು. ಲಡ್ವಿಗ್ ಬಿಲ್ಲೆಗಳಲ್ಲಿ ಕ್ರಮಸಂಖ್ಯೆ ಕಾಣುವುದು 1963–64ರಿಂದ ಈಚೆಗೆ. ಒಳಮೈಯಲ್ಲಿ ತಾರೀಖಿನ ಮೊಹರಿದ್ದರೆ ಇನ್ನೂ ಗಟ್ಟಿ ಸಾಕ್ಷಿ.

ಸೆಟ್ಟು ಪೂರ್ಣವಾಗಿದ್ದು, ಮೂಲ ಬಣ್ಣ ಉಳಿದು, ಹೊಸ ತೂತುಗಳಿಲ್ಲದಿದ್ದರೆ ಬೆಲೆ ಹೆಚ್ಚು. ಚನ್ನಪಟ್ಟಣದ ಅರಗಿನ ಬಣ್ಣವನ್ನು ಕಂಡು ಬೆಳೆದ ನಮಗೆ ಹೊಳಪಿನ ಮೋಹ ಸಹಜ. ಆದರೆ ಹಳೆಯ ಡ್ರಮ್ಮಿಗೆ ಹೊಸ ಬಣ್ಣ ಬಳಿದರೆ ಅದರ ಚರಿತ್ರೆಯೇ ಅಳಿದೀತು. ಒಣ ಬಟ್ಟೆಯಿಂದ ಧೂಳೊರೆಸಿ, ಬಿಲ್ಲೆ ಕೀಳದೆ, ಬಿಡಿಭಾಗಗಳನ್ನು ಜೊತೆಗಿರಿಸಿ, ಬಲ್ಲವರಿಗೆ ತೋರಿಸಿದ ಮೇಲೆಯೇ ಮಾರುವ ಮಾತೆತ್ತಬೇಕೆಂದು ನಮ್ಮ ಅರಿಕೆ.