ಹಿನ್ನೀರಿನ ಕಡೆಯ ಲೆಕ್ಕ

ಹಂಪಿ ಟ್ರಿಪ್‌ಗೆ ಹೋದವರು ಸಂಜೆ ಹೊತ್ತಿಗೆ ಟಿ.ಬಿ. ಡ್ಯಾಮ್‌ಗೂ ಒಂದು ರೌಂಡ್ ಹೋಗಿ ಬಂದಿರ್ತೀರಿ. 33 ಗೇಟು, ಬಣ್ಣದ ಲೈಟು, ಒಂದಿಷ್ಟು ಸೆಲ್ಫಿ. ಅಲ್ಲಿ ನಿಂತವರೆಲ್ಲ ನೋಡೋದು ನೀರು ಇಳಿದು ಹೋಗುವ ಕಡೆಗೆ. ಅದರ ಬೆನ್ನ ಹಿಂದೆ, ಹಿನ್ನೀರಿನ ಆಚೆಗೆ ಇರುವುದು ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ. ಇವತ್ತು ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳೇ. ಎಕನಾಮಿಕ್ಸ್‌ನ ಮೊದಲ ಪಾಠವನ್ನು ಬೋರ್ಡಿನ ಮೇಲಲ್ಲದೆ ನೆಲದ ಮೇಲೆ ನೋಡಬೇಕು ಅನ್ನುವವರು ಇಲ್ಲಿಗೆ ಬರಬೇಕು.

ಪಿಯುಸಿಯಲ್ಲಿ ಓದಿದ್ದು ನೆನಪಿದೆಯಾ? ಉತ್ಪಾದನಾ ಸಾಧ್ಯತಾ ರೇಖೆ. ಇರುವ ಸಂಪನ್ಮೂಲದಲ್ಲಿ ಎರಡು ವಸ್ತುಗಳನ್ನು ಹೆಚ್ಚೆಂದರೆ ಎಷ್ಟೆಷ್ಟು ಮಾಡಬಹುದು ಅಂತ ತೋರಿಸುವ ಬಾಗಿದ ಗೆರೆ. 1948ರಲ್ಲಿ ಬಂದ ಸ್ಯಾಮ್ಯುಯೆಲ್ಸನ್ ಪಠ್ಯಪುಸ್ತಕದಿಂದ ಇದಕ್ಕೆ ಬಂದೂಕು ಮತ್ತು ಬೆಣ್ಣೆಯ ಉದಾಹರಣೆ ಅಂಟಿಕೊಂಡಿದೆ. ನಮಗೆ ಎರಡೂ ಬೇಡ. ಕೂಡ್ಲಿಗಿಯ ಕಡೆ ಐದು ಎಕರೆ ಇರುವ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿ. ಮೂರು ಎಕರೆ ಮಸಾರಿ, ಅಂದರೆ ಕೆಂಪು ನೆಲ. ಎರಡು ಎಕರೆ ಎರೆ. ಮಸಾರಿಯಲ್ಲಿ ಎಕರೆಗೆ ಎರಡು ಚೀಲ ಜೋಳ ಬರುತ್ತೆ, ಇಲ್ಲವೇ ಆರು ಚೀಲ ಶೇಂಗಾ. ಎರೆಯಲ್ಲಿ ಏಳು ಚೀಲ ಜೋಳ, ಇಲ್ಲವೇ ಮೂರೇ ಚೀಲ ಶೇಂಗಾ. (ಲೆಕ್ಕಕ್ಕೆ ಇರಲಿ ಅಂತ ನಾನೇ ಹಾಕಿದ ಅಂಕಿಗಳು.) ಎಲ್ಲಾ ಜೋಳ ಬಿತ್ತಿದರೆ 20 ಚೀಲ. ಮಸಾರಿಯಷ್ಟನ್ನೂ ಶೇಂಗಾಕ್ಕೆ ತಿರುಗಿಸಿದರೆ ಕಳೆದುಕೊಳ್ಳೋದು ಆರು ಚೀಲ ಜೋಳ, ಸಿಗೋದು 18 ಚೀಲ ಶೇಂಗಾ. ಒಂದು ಚೀಲ ಶೇಂಗಾದ ನಿಜವಾದ ಬೆಲೆ ಮೂರನೇ ಒಂದು ಚೀಲ ಜೋಳ. ಅಲ್ಲಿಗೆ ನಿಲ್ಲದೆ ಎರೆ ಹೊಲಕ್ಕೂ ಶೇಂಗಾ ಹಾಕಿದನೋ, ಹೋಗೋದು 14 ಚೀಲ ಜೋಳ, ಬರೋದು ಬರೀ ಆರು ಚೀಲ ಶೇಂಗಾ. ಈಗ ಅದೇ ಒಂದು ಚೀಲಕ್ಕೆ ಎರಡೂ ಕಾಲು ಚೀಲಕ್ಕಿಂತ ಹೆಚ್ಚು ಜೋಳ ತೆತ್ತ ಹಾಗಾಯ್ತು. ಗೆರೆ ಬಾಗೋದು ಇದಕ್ಕೇ: ನೆಲ ಎಲ್ಲಾ ಕಡೆ ಒಂದೇ ಥರ ಇರಲ್ಲ. ಹೀಗೆ ಬಿಟ್ಟುಕೊಟ್ಟ ಬೆಳೆಯ ಹೆಸರೇ ಅವಕಾಶ ವೆಚ್ಚ. ಜೋಳದ ಜೊತೆಗೆ ಸೊಪ್ಪೆಯೂ ಹೋಯ್ತು, ಎತ್ತು ಏನು ತಿನ್ನಬೇಕು ಅನ್ನೋದು ಈ ಗ್ರಾಫ್‌ನಲ್ಲಿ ಕಾಣಲ್ಲ.

ಎತ್ತಿನ ಮಾತು ಸುಮ್ಮನೆ ತೆಗೆಯಲಿಲ್ಲ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ಕೈಕೊಟ್ಟಿತು. ಬರ ಮುಂದಿನ ಈಶ್ವರ ಸಂವತ್ಸರಕ್ಕೂ ಹಬ್ಬಿತು. ಮದ್ರಾಸ್ ಪ್ರಾಂತ್ಯದಲ್ಲಿ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಸಿದಿತ್ತು. ಬರ ಅಂದರೆ ಒಂದು ವರ್ಷ ಗೆರೆಯ ಒಳಗೆ ಬಿದ್ದು, ಮಳೆ ಬಂದ ಮೇಲೆ ಮತ್ತೆ ಗೆರೆಗೆ ಹತ್ತೋದು ಅಂತ ನಾವು ಅಂದುಕೊಳ್ತೀವಿ. ಹಾಗಾಗಲ್ಲ. ಎತ್ತು ಸತ್ತಿರುತ್ತೆ, ಬೀಜದ ಜೋಳ ತಿಂದು ಮುಗಿದಿರುತ್ತೆ, ದುಡಿಯುವ ಕೈ ಗುಳೆ ಹೋಗಿರುತ್ತೆ ಅಥವಾ ಮಣ್ಣಾಗಿರುತ್ತೆ. ಗೆರೆಯೇ ಒಳಕ್ಕೆ ಸರಿದುಬಿಡುತ್ತೆ.

ಆ ಹೊತ್ತಲ್ಲಿ ಖರ್ಚು ಹಿಡಿತದಲ್ಲಿಡಲು ಸರ್ಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ಬರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆ ಕಾಸಿಗೆ ಇಳಿಸಿದ. ಅಷ್ಟರಲ್ಲಿ ಕಲ್ಲು ಒಡೆಯುವ ಮನುಷ್ಯ ಬದುಕಲ್ಲ ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಜಗಳವಾಡಿದ, ಕೆಲವೇ ತಿಂಗಳಲ್ಲಿ ಕೂಲಿ ಏರಿಸಬೇಕಾಯಿತು. ಉಳಿಸಿದ ರೂಪಾಯಿ ಲೆಡ್ಜರ್‌ನಲ್ಲಿ ಕಾಣುತ್ತೆ. ಆ ರೂಪಾಯಿಗೆ ಬಿಟ್ಟುಕೊಟ್ಟದ್ದು ಯಾವ ಲೆಡ್ಜರ್‌ನಲ್ಲೂ ಇಲ್ಲ.

ಈ ಬರದ ನಾಡಿಗೆ ತುಂಗಭದ್ರೆಯ ನೀರು ತರಬೇಕು ಅನ್ನೋ ಯೋಚನೆ ಅದಕ್ಕೂ ಹಳೇದು. 1860ರಲ್ಲೇ ಸರ್ ಆರ್ಥರ್ ಕಾಟನ್ ಒಂದು ಯೋಜನೆ ಮುಂದಿಟ್ಟಿದ್ದ. ಒಂದು ಕಡೆ ಮದ್ರಾಸ್, ಇನ್ನೊಂದು ಕಡೆ ನಿಜಾಮರ ಹೈದರಾಬಾದ್, ಮೇಲ್ಗಡೆ ಮೈಸೂರು. ಮೂವರ ನಡುವೆ ನೀರಿನ ಪಂಚಾಯ್ತಿ ಎಂಟು ದಶಕ ಎಳೀತು. ಕೊನೆಗೆ 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ತಲಾ 65 ಟಿಎಂಸಿ ಅಂತ ಒಪ್ಪಿಕೊಂಡವು. 1945ರ ಫೆಬ್ರವರಿ 28ರಂದು ಎರಡೂ ದಡದಲ್ಲಿ ಬೇರೆ ಬೇರೆ ಅಡಿಗಲ್ಲು. ಎರಡನೇ ಮಹಾಯುದ್ಧ ಆಗಿನ್ನೂ ಮುಗಿದಿರಲಿಲ್ಲ, ಅಂದರೆ ಬಂದೂಕಿನ ಕಾಲದಲ್ಲೇ ಬೆಣ್ಣೆಯ ಅಡಿಗಲ್ಲು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಬಳ್ಳಾರಿಯ ಹೆಚ್ಚಿನ ತಾಲ್ಲೂಕುಗಳು ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿದವು.

ಗೆರೆ ಹೊರಕ್ಕೆ ಸರಿಯಿತು, ಅನುಮಾನವೇ ಇಲ್ಲ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಇವತ್ತು ಭತ್ತದ ಕಣಜ. ಈ ಡ್ಯಾಮ್ ಕಟ್ಟಬಾರದಿತ್ತು ಅನ್ನುವ ಪೈಕಿ ನಾನಲ್ಲ. ಆದರೆ ಬೆಲೆ ಯಾರು ಕೊಟ್ಟರು? ಜಲಾಶಯ ತುಂಬಿದಾಗ ನೀರು ಹರಡುವುದು 378 ಚದರ ಕಿಲೋಮೀಟರ್. ಎಕರೆ ಲೆಕ್ಕದಲ್ಲಿ 93 ಸಾವಿರ ದಾಟುತ್ತೆ. 90 ಹಳ್ಳಿ ಮುಳುಗಿದವು, ಸುಮಾರು 54 ಸಾವಿರ ಜನ ಎದ್ದು ಹೋಗಬೇಕಾಯಿತು. ನಾರಾಯಣದೇವರಕೆರೆ ಅನ್ನುವ ಊರಿನವರು ದೇವರನ್ನೂ ಹೊತ್ತುಕೊಂಡು ಮರಿಯಮ್ಮನಹಳ್ಳಿಗೆ ಬಂದರು. ಈಗಿನ ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ನದಿ ಬದಿಯ ಹೊಲಗಳೂ ನೀರಿನ ಅಡಿಗೆ ಹೋದವು.

ಕಾಲುವೆ ಮಾತ್ರ ಇವರ ಕಡೆ ಬರಲಿಲ್ಲ. ಬರೋಕೆ ಆಗಲ್ಲ ಕೂಡ. ಕಾಲುವೆ ನೀರು ಇಳಿಜಾರಿಗೆ ಹರಿಯುತ್ತೆ, ಮತ್ತೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಇರೋದು ದಿಬ್ಬದ ಮೇಲೆ. ಬಳ್ಳಾರಿಯ ಬರ ನೀಗಿಸಲು ಕಟ್ಟಿದ ಅಣೆಕಟ್ಟಿಗೆ ಬಳ್ಳಾರಿಯದೇ ಪಶ್ಚಿಮದ ಸೀಮೆ ಹೊಲ ಕೊಟ್ಟು, ತಾನು ಮಳೆ ನೋಡುತ್ತಾ ಕೂತಿತು. ಪರಿಹಾರ ಅನ್ನುವುದು ಹೊಲಕ್ಕೆ ಅವತ್ತಿದ್ದ ಬೆಲೆ. ಅವಕಾಶ ವೆಚ್ಚ ಅಂದರೆ ಆ ಹೊಲ 70 ವರ್ಷ ಬೆಳೆಯಬಹುದಾಗಿದ್ದ ಜೋಳ, ಮೇಯಿಸಬಹುದಾಗಿದ್ದ ದನ, ಊರಲ್ಲೇ ಸಿಗಬಹುದಾಗಿದ್ದ ಕೂಲಿ. ಕ್ಲಾಸ್‌ರೂಮಿನ ಗ್ರಾಫ್‌ನಲ್ಲಿ ಬಿಟ್ಟುಕೊಡುವವನೂ ಪಡೆಯುವವನೂ ಒಬ್ಬನೇ. ಇಲ್ಲಿ ಬಿಟ್ಟುಕೊಟ್ಟವರು ಒಬ್ಬರು, ಪಡೆದವರು ಇನ್ನೊಬ್ಬರು. ಗ್ರಾಫ್ ಸುಳ್ಳು ಹೇಳಲ್ಲ, ಇದನ್ನು ಹೇಳೋದೇ ಇಲ್ಲ ಅಷ್ಟೆ.

ಕೆಳಗಡೆಯವರ ಕಥೆಯೂ ಪೂರ್ತಿ ಸುಖಾಂತ್ಯವಲ್ಲ. ಯೋಜನೆ ಮಾಡಿದವರ ಲೆಕ್ಕ ಭತ್ತವಾಗಿರಲಿಲ್ಲ. ನೀರನ್ನು ತೆಳ್ಳಗೆ, ಆದಷ್ಟು ಹೆಚ್ಚು ಎಕರೆಗೆ ಹರಡಿ, ಜೋಳ-ಹತ್ತಿಯಂಥ ಬೆಳೆಗಳನ್ನು ಬರದಿಂದ ಉಳಿಸೋದು ಉದ್ದೇಶ. ಯಾವ ಸರ್ವೆ ನಂಬರ್‌ಗೆ ಯಾವ ಬೆಳೆ ಅಂತ ಕಾಗದದಲ್ಲಿ ಬರೆದೂ ಇಟ್ಟಿದ್ದರು. ಕಾಲುವೆಯ ಮೊದಲಲ್ಲಿ ಇದ್ದವರು, ಅದರಲ್ಲೂ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡವರು, ಭತ್ತ ಹಾಕಿದರು. ಒಂದು ಎಕರೆ ಭತ್ತ ಕುಡಿಯುವ ನೀರಲ್ಲಿ ಎರಡು ಮೂರು ಎಕರೆ ಜೋಳ ಬರುತ್ತೆ. ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರ್‌ಗೂ ಉದ್ದ. ಮೇಲಿನವನ ಒಂದು ಎಕರೆ ಭತ್ತದ ಅವಕಾಶ ವೆಚ್ಚ, ರಾಯಚೂರು ಕಡೆಯ ಕೊನೆ ಭಾಗದ ರೈತನ ಒಣಗಿದ ಹೊಲ. ಅವನು ವರ್ಷ ವರ್ಷ ರಸ್ತೆ ತಡೆ ಮಾಡ್ತಾನೆ, ನಾವು ಪೇಪರಿನ ಒಳಪುಟದಲ್ಲಿ ಓದಿ ಪುಟ ತಿರುವುತ್ತೀವಿ.

ಈ ನಡುವೆ ಹೂಳು. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯೋದು 105 ಚಿಲ್ಲರೆ.

ಮೇಲಿನ ತಾಲ್ಲೂಕುಗಳಿಗೂ ಈಗ ನೀರು ಬರ್ತಿದೆ, ಪಂಪ್ ಮೂಲಕ. ಹಡಗಲಿಗೆ ಸಿಂಗಟಾಲೂರು ಏತ ನೀರಾವರಿ. ಕೂಡ್ಲಿಗಿಯಲ್ಲಿ ತುಂಗಭದ್ರೆಯಿಂದ 74 ಕೆರೆ ತುಂಬಿಸುವ ಯೋಜನೆ. ಕೆಳಗಿನವರಿಗೆ ನೀರನ್ನು ಕೊಂಡೊಯ್ಯುವುದು ಇಳಿಜಾರು, ಅದಕ್ಕೆ ಬಿಲ್ ಇಲ್ಲ. ದಿಬ್ಬದವರಿಗೆ ಪ್ರತಿ ಹನಿಗೂ ಕರೆಂಟ್ ಖರ್ಚು. ಕೆರೆಗೆ ಏರಿಸಿದ ನೀರು ಕಾಲುವೆಗೆ ಇಳಿಯಲ್ಲ. ಮಳೆಗಾಲ ಚೆನ್ನಾಗಿದ್ದು ಗೇಟ್ ತೆರೆಯುವ ವರ್ಷ ಇದು ಯಾರಿಗೂ ಭಾರ ಅಲ್ಲ, ನದಿಯಲ್ಲಿ ಹರಿದು ಹೋಗುವ ನೀರಿನ ಅವಕಾಶ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಜಲಾಶಯ ಅರ್ಧಕ್ಕೇ ನಿಂತ ವರ್ಷ ಮಾತ್ರ ಕೂಡ್ಲಿಗಿಯ ಕೆರೆ ಮತ್ತು ಸಿಂಧನೂರಿನ ಎರಡನೇ ಬೆಳೆ ಒಂದೇ ಗೆರೆಯ ಎರಡು ತುದಿಗೆ ಬರ್ತವೆ. ಕಾಲುವೆಗೆ ಎಷ್ಟು ನೀರು, ಯಾವಾಗ ಅಂತ ತೀರ್ಮಾನಿಸೋದು ತುಂಗಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆ. ಅಲ್ಲಿ ಇಷ್ಟು ವರ್ಷ ಜೋರು ದನಿ ಕಾಲುವೆಯ ಕಡೆಯವರದ್ದು. ದಿಬ್ಬದ ಮೇಲಿನವರಿಗೆ ಹೇಳಿಕೊಳ್ಳಲು ಈಗಷ್ಟೇ ಒಂದು ಪಂಪು ಸಿಕ್ಕಿದೆ.